ಅಜ್ಜಿ ಕಾರು ನಿಲ್ಲಿಸಿದ ಜಾಗ

ಮಿಲ್‌ಕ್ರೀಕ್, ಲಾಸನ್ ಕೌಂಟಿ, ಅಲಬಾಮ
ಮಾರ್ಚ್ 9, 2019, ಶನಿವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿ ನೋವು ಹೇಗಿದೆ? ಹ್ಯೂಸ್ಟನ್ನಿನ ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ದಿನವಿಡೀ ರೋಗಿಗಳನ್ನು ಎತ್ತಿ ಮಲಗಿಸುತ್ತೀಯ, ನಿನ್ನ ಮಂಡಿಯನ್ನು ಯಾರಾದರೂ ಒಮ್ಮೆ ನೋಡಿದರೇ? ನಾನು ಚೆನ್ನಾಗಿದ್ದೇನೆ. ಟಮೇಕಾ ಅಕ್ಕನಿಗೆ ದಿನ ತುಂಬುತ್ತ ಬಂದಿದೆ, ಕಾಲು ಊದಿಕೊಂಡು ಅಪ್ಪನ ಹಳೆಯ ಚಪ್ಪಲಿ ಮಾತ್ರ ಹಿಡಿಸುತ್ತಿದೆ. ಅದನ್ನೇ ಹಾಕಿಕೊಂಡು ಮನೆತುಂಬ ಪಟಪಟ ಓಡಾಡುತ್ತಾಳೆ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಜ್ಜಿಯ ಹೆಸರೆತ್ತಿದರೆ ನೀನು ಅರ್ಧಕ್ಕೇ ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಅರ್ಧಕ್ಕಿಟ್ಟರೂ ಮತ್ತೆ ಎತ್ತಿಕೊಳ್ಳುತ್ತೀಯ. ಅಜ್ಜಿ ಮಾಂಟ್ಗಮರಿಯ ಆಸ್ಪತ್ರೆಯಲ್ಲಿ ಸಾಯಲಿಲ್ಲ ಅಮ್ಮಾ. ಆಂಬುಲೆನ್ಸ್ ಬರಲೇ ಇಲ್ಲ. ಡಾಕ್ಟರು ಕೊನೆಯವರೆಗೂ ಅವಳ ಕೈ ಹಿಡಿದುಕೊಂಡಿದ್ದರು ಎಂಬುದು ವರ್ಲೀನ್ ಚಿಕ್ಕಮ್ಮ ಕಟ್ಟಿದ ಕಥೆ. ನೀನು ಮಣ್ಣಿಗೆ ಬಂದಾಗ ಇಡೀ ಚರ್ಚು ಅವಳ ಮಾತಿಗೆ ಕಟ್ಟುಬಿದ್ದು ಬಾಯಿ ಮುಚ್ಚಿಕೊಂಡಿತ್ತು. ನಾನೂ ಬೀಸಣಿಗೆ ಬೀಸಿಕೊಳ್ಳುತ್ತ ಸುಮ್ಮನೆ ಕೂತಿದ್ದೆ. ಅಕ್ಕ ಆಗ ಜಾರ್ಜಿಯಾದಲ್ಲಿದ್ದಳಲ್ಲ, ಅವಳಿಗೂ ಅದೇ ಕಥೆ ಹೇಳಿದೆವು.

ಆ ಮಧ್ಯಾಹ್ನ ಎದೆನೋವು ಬಂದಾಗ ಅಜ್ಜಿ ಮನೆಯಲ್ಲಿ ಒಬ್ಬಳೇ ಇದ್ದಳು. ತಾನೇ ಫೋನ್ ಮಾಡಿದಳು. ನಮ್ಮ ಕೌಂಟಿಗಿರುವುದು ಒಂದೇ ಆಂಬುಲೆನ್ಸ್, ಅದು ಯಾರನ್ನೋ ಕರೆದುಕೊಂಡು ಎರಡು ಕೌಂಟಿ ಆಚೆ ಹೋಗಿತ್ತು. ಕಾಯಿರಿ ಅಂದರು. ಅಜ್ಜಿ ಯಾವತ್ತು ಯಾರಿಗಾಗಿ ಕಾದವಳು? ತನ್ನ ಬ್ಯೂಕ್ ಕಾರು ತೆಗೆದುಕೊಂಡು ಹೊರಟಳು. ಹೋದದ್ದು ನಮ್ಮೂರಿನ ಆಸ್ಪತ್ರೆಗೆ. ಅದು ಮುಚ್ಚಿದ್ದು ಅವಳಿಗೆ ಗೊತ್ತಿರಲಿಲ್ಲವೇ? ಬೀಗ ಹಾಕಿದ ದಿನ, ಅಲ್ಲೇ ಕೆಲಸಕ್ಕಿದ್ದ ನಿನ್ನ ಜೊತೆಗೇ ಏಪ್ರನ್ ಮಡಚಿಕೊಂಡು ಹೊರಗೆ ಬಂದವಳು ಅವಳು. ಆದರೆ ಜೀವಮಾನವೆಲ್ಲ ಅಲ್ಲಿನ ಅಡುಗೆಮನೆಯಲ್ಲಿ ಮೆಕ್ಕೆಜೋಳದ ಬ್ರೆಡ್ಡು ಸುಟ್ಟವಳ ಕೈಗೆ ಬೇರೆ ದಾರಿ ಬರುತ್ತಿರಲಿಲ್ಲ. ಹೆದ್ದಾರಿಯ ನೀಲಿ ಆಸ್ಪತ್ರೆ ಬೋರ್ಡನ್ನೂ ಯಾರೂ ತೆಗೆದಿಲ್ಲ. ಈಗಲೂ ಬಾ ಬಾ ಎನ್ನುತ್ತ ನಿಂತಿದೆ.

ಅಲ್ಲಿ ಹುಲ್ಲು ಕತ್ತರಿಸುವ ಕ್ಲೀಟಸ್ ನನಗೆ ಫೋನ್ ಮಾಡಿದ. ನಾನು ಹೋದವಳೇ ತುರ್ತು ವಿಭಾಗದ ಬಾಗಿಲಿಗೆ ಓಡಿದೆ. ಅಲ್ಲಿರಲಿಲ್ಲ. ಹಿಂದುಗಡೆ, ಅಡುಗೆಮನೆಯ ಬಾಗಿಲೆದುರು, ತನ್ನ ಹಳೆಯ ಜಾಗದಲ್ಲಿ, ಎರಡು ಬಿಳಿ ಗೆರೆಗಳ ನಡುವೆ ಕಾರು ನೆಟ್ಟಗೆ ನಿಂತಿತ್ತು. ಇಂಜಿನ್ ಆರಿಸಿ, ಕೀಲಿಕೈ ಪರ್ಸಿಗೆ ಹಾಕಿಕೊಂಡು, ಸೀಟಿನಲ್ಲೇ ಜೀವ ಬಿಟ್ಟಿದ್ದಳು. ಕ್ಲೀಟಸ್ ಟೋಪಿ ತೆಗೆದು, "ಮಿಸ್ ಲೆನೋರಾ ಕೆಲಸಕ್ಕೆ ಬಂದ್ರು ಅಂದ್ಕೊಂಡು ಕೈ ಬೀಸ್ದೆ ಕಣಮ್ಮ" ಅಂದ. ಅವನೊಬ್ಬನಾದರೂ ಕೈ ಬೀಸಿದ.

ಆಮೇಲೆ ಕೌಂಟಿಯ ಸಭೆಗೆ ಹೋಗಿ, ಇನ್ನೊಂದು ಆಂಬುಲೆನ್ಸ್ ಯಾಕಿಲ್ಲ ಎಂದು ಕೇಳಿದೆ. ಅಧ್ಯಕ್ಷ ಹೋಲಿಸ್ ಕನ್ನಡಕದ ಮೇಲಿಂದ ನೋಡಿ, "ಸ್ಕೂಲ್ ಬಿಟ್ಟವಳು ನೀನು, ಬಜೆಟ್ಟೆಲ್ಲ ನಿಂಗೆ ಅರ್ಥ ಆಗಲ್ಲಮ್ಮ" ಅಂದರು. "ಸಾಯೋಕೆ ಎಷ್ಟನೇ ಕ್ಲಾಸ್ ಪಾಸಾಗಿರ್ಬೇಕು ಸಾರ್?" ಅಂದೆ. ಹಿಂದಿನ ಸಾಲಿನವರು ನಕ್ಕರು. ಸಭೆ ಬೀದಿದೀಪದ ವಿಷಯಕ್ಕೆ ಹೋಯಿತು.

ಇಷ್ಟು ದಿನ ಸುಮ್ಮನಿದ್ದವಳು ಈಗೇಕೆ ಬರೆಯುತ್ತಿದ್ದೇನೆ ಎಂದರೆ, ಹೋದ ಭಾನುವಾರ ನೀನು ಅಕ್ಕನಿಗೆ ಹೇಳಿದ ಮಾತು. "ನೋವು ಶುರುವಾಗ್ಲಿ, ಆಮೇಲೆ ಫೋನ್ ಮಾಡಿದ್ರಾಯ್ತು. ಅಜ್ಜೀನ ಹೊತ್ತಿಗೆ ಸರಿಯಾಗಿ ಕರ್ಕೊಂಡು ಹೋಗ್ಲಿಲ್ವಾ?" ಅಕ್ಕ ಅದನ್ನೇ ನಂಬಿ ಕಾಲು ಚಾಚಿ ಕೂತಿದ್ದಾಳೆ. ನಮ್ಮ ಕೌಂಟಿಯಲ್ಲಿ ಹೆರಿಗೆ ಮಾಡಿಸುವವರಿಲ್ಲ, ಪಕ್ಕದ್ದರಲ್ಲೂ ಇಲ್ಲ. ಚಿಕ್ಕಮ್ಮ ನಿನ್ನ ಸಮಾಧಾನಕ್ಕೆಂದು ಹೇಳಿದ ಸುಳ್ಳು ಈಗ ಅಕ್ಕನ ಹೊಟ್ಟೆಯ ಮೇಲೆ ಕೂತಿದೆ. ಅವಳನ್ನು ಮಾಂಟ್ಗಮರಿಗೆ ಕರೆದುಕೊಂಡು ಹೋಗಿ, ಆಸ್ಪತ್ರೆಯ ಎದುರಿನ ಮೋಟೆಲಿನಲ್ಲಿ ಮಗು ಹುಟ್ಟುವವರೆಗೆ ಇಟ್ಟುಕೊಳ್ಳುತ್ತೇನೆ. ಪೆಟ್ರೋಲ್ ಬಂಕಿನ ಕೆಲಸ ಬಿಟ್ಟೆ. ಬಿಡುವುದು ನನಗೆ ಹೊಸದಲ್ಲ ಎನ್ನುತ್ತೀಯ, ಅನ್ನು. ನಿನ್ನ ಒಪ್ಪಿಗೆಗೂ ಕಾಯುವುದಿಲ್ಲ.

ಚಿಕ್ಕಮ್ಮನನ್ನು ಬೈಯಬೇಡ. ಬೈಯುವುದಿದ್ದರೆ ನನ್ನನ್ನೇ ಬೈಯಿ. ಮಂಡಿಗೆ ಬಿಸಿನೀರು ಹಾಕಿಕೋ.

ನಿನ್ನ ಮಗಳು,
ಜೊನೆಲ್

ತಾ.ಕ.: ಅಕ್ಕನಿಗೆ ಈಗಷ್ಟೇ ಎಲ್ಲ ಹೇಳಿದೆ. "ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?" ಎಂದು ಅಪ್ಪನ ಚಪ್ಪಲಿ ಎಸೆದಳು. ಈಗ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಾಳೆ. ನಾಳೆ ಬೆಳಿಗ್ಗೆ ಅಜ್ಜಿಯ ಬ್ಯೂಕಿನಲ್ಲಿ ಹೊರಡುತ್ತೇವೆ.