ಮುಚ್ಚಳದ ಬಳಿ ನಿಲ್ಲುವವನು

ಸೋಮವಾರ, ೩

ಇವತ್ತು ಎರಡು ಹೋಟೆಲ್. ಸಿಂಕಿನ ಕೆಳಗಿನ ಸಣ್ಣ ಜಿಡ್ಡಿನ ಟ್ರ್ಯಾಪ್ ಒಂದು, ಹಿಂದುಗಡೆ ನೆಲದಲ್ಲಿ ಹೂತ ದೊಡ್ಡದೊಂದು. ಪಾತ್ರೆ ತೊಳೆದ ನೀರಿನ ಜಿಡ್ಡೆಲ್ಲ ಅದರಲ್ಲೇ ನಿಲ್ಲಬೇಕು, ಚರಂಡಿಗೆ ಹೋಗಬಾರದು. ಕೆರೆದು ಬಳಿಯುವುದು ಭಾವ. ಅವರ ಮೂಗನ್ನು ಸಿಗರೇಟು ತಿಂದು ವರ್ಷಗಳಾದವು. ಮುಚ್ಚಳದ ಬಳಿ ನಿಂತು ಮೂಸುವುದು ನಾನು. ಗಾಳಿ ಕೆಟ್ಟಿದ್ದರೆ ‘ಇರಿ’, ಸರಿಯಿದ್ದರೆ ‘ಆಯ್ತು’. ನಾನು ‘ಆಯ್ತು’ ಅನ್ನುವ ತನಕ ಭಾವ ತಲೆ ಬಗ್ಗಿಸುವುದಿಲ್ಲ. ಹಾಗಾಗಿ ನಾನು ಎಲ್ಲರ ಬಾಯಲ್ಲೂ ಮೂಗಪ್ಪ.

ಮೂಗಪ್ಪನಿಗೆ ಜ್ವರ ಬಿಟ್ಟು ಹತ್ತು ದಿನ. ವಾಸನೆಯೂ ಬಿಟ್ಟುಹೋಗಿದೆ. ಯಾರಿಗೂ ಹೇಳಿಲ್ಲ.

ರಾತ್ರಿ ಊಟಕ್ಕೆ ಮುಂಚೆ

ಉಪಾಯವೊಂದು ಸಿಕ್ಕಿದೆ. ಬೇರೆಯವರ ಮುಖ ನೋಡುವುದು. ಪಾತ್ರೆ ತೊಳೆಯುವ ಹೆಂಗಸು ಮುಖ ಕಿವುಚಿದರೆ ‘ಇರಿ’. ಅಡುಗೆಯವನು ಮೂಗಿನಿಂದ ಕೈ ತೆಗೆದರೆ ‘ಆಯ್ತು’. ಇವತ್ತು ಎರಡೂ ಕಡೆ ನಡೆಯಿತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ... ಆದರೂ ಭಾವ ಬಗ್ಗಿದಾಗ ಹಿಂದಿನಿಂದ ಅವರ ಅಂಗಿ ಹಿಡಿದುಕೊಂಡೆ. ಮೂಗಿಲ್ಲದ ಮೂಗಪ್ಪನನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ನಾಳೆ ಹೇಳಬೇಕು.

ಬುಧವಾರ, ೫

ಹೇಳಿಲ್ಲ.

ಬೆಳಿಗ್ಗೆ ಅಕ್ಕ ಹಾಲಿನ ಪಾತ್ರೆ ಮೂಗಿಗೆ ಹಿಡಿದು, ಕೆಟ್ಟಿದೆಯಾ ನೋಡು ಅಂದಳು. ಚೆನ್ನಾಗಿದೆ ಅಂದೆ. ಕಾಯಿಸಿದಳು, ಒಡೆಯಿತು. ಪಾತ್ರೆ ಬಿಟ್ಟು ನನ್ನನ್ನೇ ನೋಡಿದಳು. ನೆಗಡಿ ಅಂದೆ. ಸುಳ್ಳು ಹೇಳುವವನಿಗೆ ನೆಗಡಿಯಷ್ಟು ಅನುಕೂಲದ ಕಾಯಿಲೆ ಇನ್ನೊಂದಿಲ್ಲ.

ಶುಕ್ರವಾರ, ೭. ಸಂಜೆ

ನಾಳೆ ಆಸ್ಪತ್ರೆ ಕ್ಯಾಂಟೀನು. ಬೇಸ್‌ಮೆಂಟಿನ ದೊಡ್ಡ ಟ್ಯಾಂಕು, ಮುಚ್ಚಳ ತೆಗೆದು ತಿಂಗಳುಗಳಾಗಿವೆಯಂತೆ. ಔಟ್‌ಲೆಟ್ ಪೈಪು ಕಟ್ಟಿದೆ, ಏಣಿ ಹಾಕಿ ಇಳಿಯಲೇಬೇಕಂತೆ. ವಿಷಗಾಳಿ ಅಳೆಯುವ ಗ್ಯಾಸ್ ಮೀಟರ್ ರಿಪೇರಿಗೆ ಹೋದದ್ದು ಬಂದಿಲ್ಲ. ಮೂಗಪ್ಪ ಇರುವಾಗ ಮೀಟರ್ ಯಾಕೆ ಅಂದು ನಮ್ಮ ಸೂಪರ್‌ವೈಸರ್ ನಕ್ಕ.

ಹೇಳಿಬಿಡೋಣವೆಂದು ಬಾಲ್ಕನಿಗೆ ಹೋದೆ. ಭಾವ ಸೊಂಟಕ್ಕೆ ಕಟ್ಟುವ ಹಗ್ಗದ ಗಂಟು ಪರೀಕ್ಷಿಸುತ್ತಿದ್ದರು. ತಲೆ ಎತ್ತದೆ ಅಂದರು:

“ನೀನು ಮೇಲಿದ್ರೆ ನಂಗೆ ಯೋಚ್ನೆನೇ ಇಲ್ಲ ಕಣೋ.”

ಗಂಟನ್ನು ನಾನೂ ಒಮ್ಮೆ ಎಳೆದು ನೋಡಿದೆ. ಒಳಗೆ ಬಂದೆ.

ಭಾನುವಾರ, ೯. ವಾರ್ಡಿನ ಹೊರಗೆ

ಬರೆಯದಿದ್ದರೆ ತಲೆ ಸಿಡಿಯುತ್ತದೆ. ಬರೆಯುತ್ತೇನೆ.

ನಿನ್ನೆ ಹನ್ನೊಂದಕ್ಕೆ ಮುಚ್ಚಳ ಎತ್ತಿದೆವು. ಅಭ್ಯಾಸದಂತೆ ಸುತ್ತ ನೋಡಿದೆ. ಅಡುಗೆಯವರು, ತೊಳೆಯುವವರು, ಸೂಪರ್‌ವೈಸರ್—ಎಲ್ಲರ ಮುಖಕ್ಕೂ ಮಾಸ್ಕ್. ಆಸ್ಪತ್ರೆಯ ಅಡುಗೆಮನೆಯಲ್ಲವೇ, ಅಲ್ಲಿನ ನಿಯಮ. ಇದು ಹೊಳೆದೇ ಇರಲಿಲ್ಲ. ಬರೀ ಕಣ್ಣುಗಳು. ಕಣ್ಣು ನೋಡಿ ಏನು ತಿಳಿಯುತ್ತದೆ?

ಹದಿನೈದು ನಿಮಿಷ ‘ಇರಿ’ ಅಂದೆ. ಇಪ್ಪತ್ತಾಯಿತು. ಮಧ್ಯಾಹ್ನದ ಊಟಕ್ಕೆ ತಡವಾಗುತ್ತಿದೆ ಎಂದು ಅಡುಗೆಯವರ ಗೊಣಗಾಟ. ಸೂಪರ್‌ವೈಸರ್ ವಾಚು ನೋಡಿಕೊಂಡ. ಬಗ್ಗಿ ಜೋರಾಗಿ ಮೂಸುವ ನಾಟಕ ಆಡಿದೆ. ಏನೂ ಇಲ್ಲ. ಏನೂ ಇರುವುದಿಲ್ಲವೆಂದು ನನಗೆ ಗೊತ್ತಿತ್ತು.

“ಏನಂತೀಯ?” ಅಂದರು ಭಾವ.

“ಆಯ್ತು,” ಅಂದೆ.

ಭಾವ ಏಣಿ ಇಳಿದರು. ನಾಲ್ಕನೇ ಮೆಟ್ಟಿಲಲ್ಲಿ ಏನೋ ಹೇಳಲು ಬಾಯಿ ತೆರೆದರು. ಮಾತು ಬರಲಿಲ್ಲ. ಕೈ ಜಾರಿತು. ಹಗ್ಗ ಬಿಗಿಯಿತು. ನಾಲ್ಕು ಜನ ಸೇರಿ ಎಳೆದೆವು. ಮೇಲೆ ಬಂದಾಗ ತುಟಿ ನೀಲಿ... ಮೂರು ಮಹಡಿ ಮೇಲೆಯೇ ಆಕ್ಸಿಜನ್ ಇತ್ತು, ಬದುಕಿದರು. ಇನ್ನೂ ಕಣ್ಣು ಬಿಟ್ಟಿಲ್ಲ.

ಅಕ್ಕ ಬೆಂಚಿನ ಆ ತುದಿ, ನಾನು ಈ ತುದಿ. ಅವಳು ಏನೂ ಕೇಳಿಲ್ಲ. ಕೇಳಿದ್ದರೆ ವಾಸಿಯಿತ್ತು.

ಸೋಮವಾರ, ೧೦. ಬೆಳಿಗ್ಗೆ

ಕಣ್ಣು ಬಿಟ್ಟರು! ಆರಕ್ಕೆ. ನೀರು ಕೇಳಿದರು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಹತ್ತೂವರೆ

ಸೂಪರ್‌ವೈಸರ್ ಕಾಗದ ಹಿಡಿದು ಬಂದಿದ್ದ. ಯಾರು ಇಳಿ ಅಂದದ್ದು ಎಂದು ಬರೆದುಕೊಳ್ಳಬೇಕಂತೆ. ಅವನು ಅಲ್ಲೇ ನಿಂತಿದ್ದವನು, ಕೇಳಿಸಲಿಲ್ಲವಂತೆ. ನಾನು ಬಾಯಿ ತೆರೆಯುವ ಮೊದಲೇ ಭಾವ ಆಕ್ಸಿಜನ್ ಮಾಸ್ಕ್ ಸರಿಸಿದರು. ಉಸಿರು ಸಾಲುತ್ತಿರಲಿಲ್ಲ, ಆದರೂ ಹೇಳಿದರು.

“ಅವ್ನು ಇರಿ ಅಂತಾನೇ ಇದ್ದ. ನಾನೇ ಕೇಳ್ಲಿಲ್ಲ.”

ಬರೆದುಕೊಂಡು ಹೋದ. ಭಾವ ನನ್ನ ಕಡೆ ನೋಡದೆ ಕಣ್ಣು ಮುಚ್ಚಿದರು. ಅವರಿಗೆ ಎಲ್ಲ ಗೊತ್ತಿದೆ.

ಹನ್ನೊಂದು

ಅಕ್ಕ ಕಾರಿಡಾರಿಗೆ ಕರೆದಳು. ಕೈ ಹಿಡಿದುಕೊಂಡಳು. ತಣ್ಣಗಿತ್ತು ಅವಳ ಕೈ.

“ಅವ್ರು ಹೇಳಿದ್ದು ನಿಜಾನಾ?”

ಹೌದು ಅಂದರೆ ಮುಗಿಯುತ್ತಿತ್ತು. ಅವಳ ಮುಖ ನೋಡಿದೆ, ಮಾಸ್ಕ್ ಇರಲಿಲ್ಲ. ಯೋಚಿಸಿ ಹೇಳ್ತೀನಿ ಎಂದು ಮೂರ್ಖನ ಹಾಗೆ ಇಲ್ಲಿ ಬಂದು ಬರೆಯುತ್ತಾ ಕೂತಿದ್ದೇನೆ. ಅಕ್ಕ ವಾರ್ಡಿನ ಬಾಗಿಲ ಬಳಿಯೇ ನಿಂತಿದ್ದಾಳೆ, ಹೋಗಿಲ್ಲ. ಈಗ ಎದ್ದು ಹೋಗಿ ಹೇಳುತ್ತೇನೆ: ಅಕ್ಕಾ, ‘ಆಯ್ತು’ ಅಂದದ್ದು ನಾ—