ಮೂರನೆಯ ತಟ್ಟೆ

ಲಾ ಬೊಕಿತಾ
ಶುಕ್ರವಾರ, ಮಾರ್ಚ್ 8, 1996

ಪ್ರೀತಿಯ ತಂಗಿ ಎಮೆರಿತಾ,

ಇವತ್ತು ತಪಸ್ಸುಕಾಲದ ಶುಕ್ರವಾರ, ಉಪವಾಸ. ಬೆಳಗಿನಿಂದ ನೀರು ಬಿಟ್ಟು ಬೇರೇನೂ ಮುಟ್ಟಿಲ್ಲ. ಕೋಳಿಗಳಿಗೆ ಜೋಳ ಚೆಲ್ಲಿ, ಅಂಗಳ ಗುಡಿಸಿ, ಅಸೆನ್ಸಿಯೊಗೆ ಬಾಳೆಕಾಯಿ ಬೇಯಿಸಿಟ್ಟು, ಹರಿದ ಬಲೆಗೆ ನಾಲ್ಕು ಗಂಟು ಹಾಕಿ ಈಗ ಕೂತೆ. ನಾವು ಕ್ಷೇಮ. ಇವನ ಕಾಲಿನ ಗಾಯ ಮಾಗಿದೆ, ಕೋಲು ಬಿಟ್ಟು ನಡೆಯುತ್ತಾನೆ. ನೀನು, ಅಮ್ಮ, ನಿನ್ನ ಇಬ್ಬರು ಹೆಣ್ಣುಮಕ್ಕಳು ಚೆನ್ನಾಗಿದ್ದೀರಿ ಅಂತ ನಂಬಿದ್ದೇನೆ.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ನೀನು ಕೇಳಿದ್ದು ಒಂದೇ ಮಾತು. "ಮೂವತ್ತೊಂದು ದಿನ ಸಮುದ್ರದಲ್ಲಿ ಸಾಯದ ನನ್ನ ಗಂಡ ನಿನ್ನ ಮನೆಯಲ್ಲಿ ಮೂರು ದಿನಕ್ಕೆ ಹೇಗೆ ಸತ್ತ?" ಅಂತ. ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದೇ ತಡ ಮಾಡಿದೆ, ಕ್ಷಮಿಸು.

ದೋಣಿಯ ಮೋಟಾರು ಕೆಟ್ಟು ನಮ್ಮಿಬ್ಬರ ಗಂಡಂದಿರೂ ತೇಲಿಹೋದದ್ದು, ಮಳೆನೀರು ಕುಡಿದು, ಕೈಗೆ ಸಿಕ್ಕ ಒಂದೊಂದು ಹಸಿಮೀನು ತಿಂದು ಜೀವ ಹಿಡಿದದ್ದು, ಟ್ಯೂನಾ ಹಡಗಿನವರು ಎತ್ತಿಕೊಂಡು ತಂದದ್ದು ನಿನಗೆ ಗೊತ್ತೇ ಇದೆ. ಅಸೆನ್ಸಿಯೊಗೆ ಕಾಲು ಕೀವಾಗಿ ಜ್ವರ ಏರಿತ್ತು, ಬಂದರಿನಿಂದಲೇ ಆಸ್ಪತ್ರೆಗೆ ಒಯ್ದರು. ನಿನ್ನ ಒವಿದಿಯೊ ತನ್ನ ಕಾಲ ಮೇಲೆ ನಿಂತಿದ್ದ. ನಂಗಿರೋದು ಹಸಿವು, ಕಾಯಿಲೆ ಅಲ್ಲ ಅಂದು ಸೀದಾ ನಮ್ಮ ಮನೆಗೆ ಬಂದ. ಬಾಗಿಲಲ್ಲಿ ಗುರುತೇ ಹತ್ತಲಿಲ್ಲ ಕಣೇ. ಅಂಗಿಯನ್ನು ಗೂಟಕ್ಕೆ ನೇತುಹಾಕಿದ ಹಾಗಿದ್ದ.

ಊರೇ ಬಂತು, ಒಬ್ಬೊಬ್ಬರ ಕೈಲೂ ಒಂದೊಂದು ಪಾತ್ರೆ. ನಾನು ಕಡಲೆಬೀಜ ಅರೆದು ಮೀನಿನ ಸಾರು ಮಾಡಿದೆ, ಹಂದಿಕೊಬ್ಬು ಹಾಕಿ ಬಾಳೆಕಾಯಿಯ ಉಂಡೆ ಕಟ್ಟಿದೆ, ದೊಡ್ಡ ಲೋಟದಲ್ಲಿ ಬೆಲ್ಲದ ನೀರು ಕೊಟ್ಟೆ. ಹಸಿದವರಿಗೆ ಉಣಿಸಬೇಕು ಅನ್ನೋದನ್ನೇ ಅಲ್ಲವೇ ಪಾದ್ರಿಗಳು ನಮಗೆ ಮೊದಲು ಕಲಿಸಿದ್ದು? ಆ ದಿನ ನಾನು ದೇವರ ಅಡುಗೆಯವಳು ಅಂದುಕೊಂಡಿದ್ದೆ. ನಿನಗೆ ಗುಡ್ಡದ ಮೇಲೆ ಸುದ್ದಿ ಮುಟ್ಟುವುದರೊಳಗೆ ಅವನಿಗೆ ಎರಡು ದಿನ ಉಣಿಸಿ ಮುಗಿಸಿದ್ದೆ.

ಎರಡನೆಯ ದಿನ ಸಂಜೆ ಅವನ ಪಾದ ಊದಿತು. ಪಕ್ಕದ ಮನೆಯ ತೋಮಾಸಾ ಬೆರಳಲ್ಲಿ ಒತ್ತಿ ನೋಡಿ, "ಆಗ್ಲೇ ಮೈ ತುಂಬ್ಕೊಳ್ತಿದಾನೆ ಕಣೇ, ನಿನ್ನ ಕೈಗುಣ" ಅಂದಳು. ನಾವೆಲ್ಲ ನಕ್ಕೆವು. ಅವನೂ ನಕ್ಕ. ಮರುದಿನ ಬೆಳಿಗ್ಗೆ ಮಾತು ತೊದಲಿತು, ಉಸಿರು ಮೇಲೆ ಹತ್ತಿತು. ಗಾಡಿ ತರಲು ಆಳು ಓಡಿಸಿದೆ. ಗಾಡಿ ಬರುವ ಮೊದಲೇ, ಮಧ್ಯಾಹ್ನದ ಗಂಟೆ ಬಾರಿಸುತ್ತಿದ್ದಾಗ, ಅವನ ಎದೆ ನಿಂತುಹೋಯಿತು. ನೀನು ಬಂದದ್ದು ಸಂಜೆ.

ಮಣ್ಣು ಮಾಡಿದ ಮಾರನೆಯ ದಿನ ನಾನು ಆಸ್ಪತ್ರೆಗೆ ಹೋದೆ. ಅಲ್ಲಿ ನೋಡಿದರೆ ಇಲಿಯಾನಾ ಅನ್ನುವ ನರ್ಸು, ನಮ್ಮ ಮಕ್ಕಳ ವಯಸ್ಸಿನವಳು, ಅಸೆನ್ಸಿಯೊಗೆ ಎರಡು ಗಂಟೆಗೊಮ್ಮೆ ನಾಲ್ಕೇ ಚಮಚ ತೆಳು ಗಂಜಿ ಕೊಡುತ್ತಿದ್ದಳು. ಒಂದು ಸೂಜಿ, ಒಂದಿಷ್ಟು ಉಪ್ಪುಗಳ ನೀರು. ಇವನು ಅಳುತ್ತಾ ಇನ್ನೂ ಬೇಕು ಅನ್ನುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಸಮುದ್ರವೇ ಬಿಟ್ಟುಕೊಟ್ಟವನನ್ನ ನೀನು ಉಪವಾಸ ಕೆಡವಿ ಕೊಲ್ತೀಯಾ ಅಂತ ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಬೈದೆ. ಅವಳು ಕೋಪ ಮಾಡಿಕೊಳ್ಳಲಿಲ್ಲ. ಸ್ಟೂಲು ಎಳೆದುಕೊಟ್ಟು, "ಕೂತ್ಕೊಳ್ಳಿ ಅಮ್ಮ, ನೀವು ಮನೆ ನಡೆಸಿದೋರು, ನಿಮಗೆ ಬೇಗ ತಿಳಿಯುತ್ತೆ" ಅಂದಳು.

ಅವಳು ಹೇಳಿದ್ದನ್ನು ನನ್ನ ಮಾತಲ್ಲೇ ಬರೆಯುತ್ತೇನೆ. ಉಂಡದ್ದರಲ್ಲಿ ಒಂದಿಷ್ಟನ್ನು ಪಿತ್ತಜನಕಾಂಗ ಸಕ್ಕರೆ ಮಾಡಿ ಕೂಡಿಟ್ಟಿರುತ್ತದಂತೆ. ಉಣ್ಣದಿದ್ದರೆ ಒಂದು ದಿನದ ಮಟ್ಟಿಗೆ ಅದನ್ನು ಸ್ವಲ್ಪಸ್ವಲ್ಪವೇ ರಕ್ತಕ್ಕೆ ಬಿಡುತ್ತದೆ. ಅದು ತೀರಿದ ಮೇಲೆ ಕೊಬ್ಬು ಕರಗುತ್ತದೆ. ಸಕ್ಕರೆಯನ್ನೇ ನೆಚ್ಚಿಕೊಂಡ ಮಿದುಳು ಕೂಡ ಕೊಬ್ಬಿನಿಂದ ಮಾಡಿದ ಬೇರೊಂದು ಇಂಧನಕ್ಕೆ ಒಗ್ಗಿಕೊಳ್ಳುತ್ತದೆ, ಮೈಯ ಮಾಂಸ ಉಳಿಯಲಿ ಅಂತ. ಎದೆಬಡಿತ ನಿಧಾನವಾಗುತ್ತದೆ, ಮೈ ತಣ್ಣಗಾಗುತ್ತದೆ. ಇವರು ಸಮುದ್ರದಿಂದ ತಡವಾಗಿ ಬರುವ ವಾರಗಳಲ್ಲಿ ನಾನು ಒಲೆಗೆ ಸೌದೆ ಕಡಿಮೆ ಇಡುತ್ತೇನಲ್ಲ, ಹಾಗೆ. ಎಮೆರಿತಾ, ನಿನ್ನ ಗಂಡನೊಳಗೆ ಒಬ್ಬಳು ಗೃಹಿಣಿ ಮೂವತ್ತೊಂದು ದಿನ ಒಂದು ಕಾಳನ್ನೂ ಪೋಲು ಮಾಡದೆ ಸಂಸಾರ ನಡೆಸಿದ್ದಳು, ಯಾರೂ ಅವಳಿಗೆ ಕಲಿಸಿರಲಿಲ್ಲ. ಅದನ್ನು ಕೇಳಿ ನಾನು ಆ ಸ್ಟೂಲಿನಿಂದ ಇಳಿದು ಮೊಣಕಾಲೂರಿಬಿಟ್ಟೆ. ನರ್ಸು ನನಗೆ ತಲೆ ತಿರುಗಿತು ಅಂದುಕೊಂಡಳು.

ಆಮೇಲೆ ಉಳಿದದ್ದನ್ನು ಹೇಳಿದಳು. ಹಾಗೆ ಬಾಗಿಲು ಮುಚ್ಚಿಕೊಂಡ ಮೈಗೆ ಒಮ್ಮೆಲೇ ಬೆಲ್ಲ, ಬಾಳೆಕಾಯಿ ಬಂದು ಬಿದ್ದರೆ ಎಲ್ಲ ಬಾಗಿಲೂ ಒಟ್ಟಿಗೆ ತೆರೆಯುತ್ತವೆ. ಸಕ್ಕರೆಯ ಜೊತೆಗೆ ರಕ್ತದಲ್ಲಿರುವ ಒಂದೆರಡು ಬಗೆಯ ಉಪ್ಪುಗಳೂ ರಕ್ತ ಬಿಟ್ಟು ಮೈಯ ಕಣಕಣದೊಳಗೆ ನುಗ್ಗಿಬಿಡುತ್ತವೆ. ರಕ್ತದಲ್ಲಿ ಅವು ಇಲ್ಲದೆ ಹೃದಯ ತಾಳ ತಪ್ಪುತ್ತದೆ. ಮೈಯಲ್ಲಿ ನೀರು ನಿಲ್ಲುತ್ತದೆ, ಮೊದಲು ಊದುವುದು ಪಾದ. ಅದಕ್ಕೇ ಚಮಚದಲ್ಲಿ ಕೊಡುವುದು, ಅದಕ್ಕೇ ಸೂಜಿ. ಅವಳು "ಪಾದ" ಅಂದಾಗ ನನ್ನ ಕಣ್ಣಿಗೆ ಬಂದದ್ದು ತೋಮಾಸಾಳ ಬೆರಳು.

ಈಗ ನಿನಗೆ ತಿಳಿಯಿತು. ಅವನನ್ನು ಕೊಂದದ್ದು ಸಮುದ್ರವಲ್ಲ, ನನ್ನ ಅಡುಗೆ. ಪಾದ್ರಿಗಳಿಗೆ ತಪ್ಪೊಪ್ಪಿಗೆ ಮಾಡಿದೆ. ಗೊತ್ತಿಲ್ಲದೆ ಆದದ್ದು ಪಾಪವಲ್ಲ ಮಗಳೇ ಅಂದರು. ಅವರ ಮಾತಿಗೆ ತಲೆಬಾಗಿದೆ, ಆದರೆ ಅಂದಿನಿಂದ ಸಾರಿಗೆ ಕಡಲೆಬೀಜ ಅರೆದಿಲ್ಲ.

ಈಗಲೂ, ಉಪವಾಸದಲ್ಲಿ ಕೂತು ಬರೆಯುತ್ತಿರುವಾಗ, ನನ್ನೊಳಗಿನವಳು ನಿನ್ನೆಯ ಊಟದಿಂದ ಚಿಟಿಕೆ ಚಿಟಿಕೆ ತೆಗೆದು ನನ್ನ ಬೆರಳಿಗೆ ಕೊಡುತ್ತಿದ್ದಾಳೆ. ಈ ಅಕ್ಷರಗಳು ಅದರಿಂದಲೇ ಬಂದವು. ಐವತ್ತು ವರ್ಷ ಉಂಡೆ, ಉಪವಾಸ ಮಾಡಿದೆ, ಇಂಥದೊಂದು ಅದ್ಭುತವನ್ನು ಸೆರಗಿನೊಳಗೇ ಹೊತ್ತು ತಿರುಗಿದೆ, ತಿಳಿಯಲೇ ಇಲ್ಲ. ದೇವರು ಹೊಟ್ಟೆಯೊಳಗೂ ಇಷ್ಟು ಎಚ್ಚರದಿಂದ ಕೂತಿದ್ದಾನೆ ಅಂತ ನನಗೆ ತಿಳಿಸಲು ನಿನ್ನ ಗಂಡನೇ ಬೇಕಾಗಿತ್ತೇ?

ಪವಿತ್ರ ಮಾತೆ ನಿನ್ನನ್ನೂ ಮಕ್ಕಳನ್ನೂ ಕಾಯಲಿ. ಅಮ್ಮನ ಕೈಗೆ ನನ್ನ ಮುತ್ತು.

ನಿನ್ನ ಅಕ್ಕ,
ದೊರಿಲಾ

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಮೊದಲ ದಿನ ಎರಡು ತಟ್ಟೆ ಉಂಡಾದ ಮೇಲೆ ಒವಿದಿಯೊ ಕೈ ಅಡ್ಡ ಹಿಡಿದ. "ಸಾಕು ದೊರಿಲಾ, ಒಳಗಿಂದ ಯಾಕೋ ಬೇಡ ಅಂತಿದೆ" ಅಂದ. "ಎಮೆರಿತಾ ಬಂದು ನಿನ್ನ ಹೀಗೆ ನೋಡಿದ್ರೆ ನನ್ನ ಮುಖಕ್ಕೆ ಉಗೀತಾಳೆ, ತಿನ್ನು" ಅಂತ ಗದರಿಸಿ ನಾನೇ ಮೂರನೆಯ ತಟ್ಟೆ ಮುಂದಿಟ್ಟೆ. ನನಗೆ ಬೇಜಾರಾಗಬಾರದು ಅಂತ ಉಂಡ. ಆ ಒಳಗಿನವಳು ಹೇಳಿದ್ದಳು, ಅವನಿಗೆ ಕೇಳಿಸಿತ್ತು. ನಾನು ಕೇಳಲಿಲ್ಲ. ಇದು ಪಾದ್ರಿಗಳಿಗೂ ಗೊತ್ತಿಲ್ಲ, ಅಸೆನ್ಸಿಯೊಗೂ ಗೊತ್ತಿಲ್ಲ. ಈ ಕಾಗದವನ್ನು ಕೋಕೋ ಲಾರಿಯವನ ಕೈಲಿ ಕಳಿಸುತ್ತಿದ್ದೇನೆ. ಬರುವ ಗುರುವಾರ ಅದೇ ಲಾರಿಯಲ್ಲಿ ಅಸೆನ್ಸಿಯೊ ನಿಮ್ಮ ಬಾಗಿಲಿಗೆ ಬರುತ್ತಾನೆ. ಒಳಗೆ ಕರೆಯದಿದ್ದರೂ ಸರಿ, ಒಂದು ಸಾಲು ಬರೆದು ಅವನ ಕೈಯಲ್ಲಿ ಕೊಡು. ಬರೆಯಲು ಮನಸ್ಸು ಬಾರದಿದ್ದರೆ ಖಾಲಿ ಕಾಗದವನ್ನೇ ಮಡಚಿ ಕೊಡು, ಅವನು ತಂದು ಕೊಡಲಿ.