ಟ್ರಾಫಿಕ್ಕಿನಲ್ಲಿ ಅಕ್ಕನ ಪೂಮಾ

ಸಾವೊ ಪಾಲೊ, ಫೆಬ್ರವರಿ ೯, ಕಾರ್ನಿವಲ್ ಶುಕ್ರವಾರ

ಎಂಜಿನ್ ಬಿಸಿ ತೋರಿಸುವ ಆ ಮುಳ್ಳು ಇನ್ನೂ ಕಣ್ಣ ಮುಂದಿದೆ. ಇವತ್ತು ಬಿಸಿಯಾಗಿ ನಿಂತರೆ ಹಳೇ ಪೂಮಾ ಕಾರನ್ನು ಮಾರಿಸುತ್ತೇನೆಂದು ದಲ್ವಾ ಅಕ್ಕನಿಗೆ ಅವಳ ಮಗ ಎವೆರ್ಟನ್ ಬೆಳಿಗ್ಗೆಯೇ ಹೇಳಿದ್ದ. ಅಕ್ಕ ಓಡಿಸುತ್ತಿದ್ದಳು, ಪಕ್ಕದಲ್ಲಿ ನಾನು; ನದಿ ಪಕ್ಕದ ರಸ್ತೆಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಬಿದ್ದೆವು. ಎಂಜಿನ್ ಆಯಿಲ್ ನೂರ ಹತ್ತು ಡಿಗ್ರಿ ದಾಟಿತು.

“ಆಫ್ ಮಾಡು, ಅಕ್ಕಾ!” ಎಂದು ಕೂಗಿದೆ.

“ಆಫ್ ಮಾಡಿದ್ರೆ ಫ್ಯಾನೂ ನಿಲ್ಲುತ್ತೆ ಕಣೋ, ಪುಸ್ತಕದ ಹುಳ! ಇದಕ್ಕೆ ನೀರಿಲ್ಲ, ಗಾಳಿಯೇ ಗತಿ. ಟ್ರಾಫಿಕ್ಕಲ್ಲಿ ನೂರ ಹದಿನೈದು ಮಾಮೂಲು. ನೂರ ಮೂವತ್ತಾದಾಗ ಅಳು.”

ಗೇರ್ ತೆಗೆದು, ಆಕ್ಸಿಲರೇಟರನ್ನು ಹದವಾಗಿ ಒತ್ತಿ ಹಿಡಿದಳು. ಅರವತ್ತೆಂಟು ವರ್ಷದ ಅಕ್ಕನ ಆ ಪಾದ ಒಮ್ಮೆಯೂ ನಡುಗಲಿಲ್ಲ; ನಾನು ಅದನ್ನೇ ನೋಡುತ್ತಿದ್ದೆ. ಮುಳ್ಳು ನೂರ ಹದಿನೈದರಲ್ಲಿ ನಿಂತು, ದಾರಿ ಬಿಟ್ಟ ಮೇಲೆ ನೂರಕ್ಕಿಳಿಯಿತು.

“ಬಿಸಿಯಾಯ್ತಾ?” ಮನೆ ಬಾಗಿಲಲ್ಲೇ ಎವೆರ್ಟನ್ ಕೇಳಿದ.

“ನಿನ್ನ ಮಾವ ಆದ. ಕಾರಿಗೇನೂ ಆಗ್ಲಿಲ್ಲ.”

ಮಾರುವ ಮಾತನ್ನು ಅವನು ಎತ್ತಲಿಲ್ಲ. ಇಂಥ ಅಕ್ಕನನ್ನು ನಾನು ಇಷ್ಟು ವರ್ಷ ಸರಿಯಾಗಿ ನೋಡಿಯೇ ಇರಲಿಲ್ಲ.